ತೆರೆದ ಫ್ರಿಜ್ಜಿನ ಲೆಕ್ಕ

ಪ್ರತಿ ವರ್ಷ ಮೊದಲ ವಾರ ಅದೇ ಪ್ರಶ್ನೆ ಹಾಕುತ್ತೇನೆ:
ಮುಚ್ಚಿದ ಕೋಣೆ, ನಡುವೆ ಒಂದು ಫ್ರಿಜ್.
ಅದರ ಬಾಗಿಲು ತೆರೆದಿಟ್ಟರೆ
ಕೋಣೆ ತಣ್ಣಗಾಗುತ್ತದೋ, ಬೆಚ್ಚಗೋ?

ಪ್ರತಿ ವರ್ಷ ಅದೇ ಮೇಳ: ತಣ್ಣಗೆ, ತಣ್ಣಗೆ.
ಗಡಿ ಎಲ್ಲಿ ಎಳೆದಿರಿ, ಮೊದಲು ಅದು ಹೇಳಿ, ಎನ್ನುತ್ತೇನೆ.
ಫ್ರಿಜ್ಜಿನ ಸುತ್ತ ಎಳೆದರೆ ಒಂದು ಕತೆ,
ಗೋಡೆಗಳ ಸುತ್ತ ಎಳೆದರೆ ಇನ್ನೊಂದು.
ಗೋಡೆ ದಾಟಿ ಒಳಬರುವುದು ಆ ಕಪ್ಪು ತಂತಿ ಮಾತ್ರ;
ಬಂದದ್ದು ಹೋಗಲಿಲ್ಲವೆಂದರೆ ಒಳಗೇ ಇದೆ,
ಕಿರಾಣಿ ಅಂಗಡಿಯ ಉದ್ದರಿ ಪುಸ್ತಕದಷ್ಟೇ ನೇರ.
ಅವರು ಬರೆದುಕೊಳ್ಳುತ್ತಾರೆ. ನಂಬುವುದಿಲ್ಲ.

ಆ ಜನವರಿ, ಗ್ಯೂಮ್ರಿಯಲ್ಲಿ,
ಕಾಲೇಜಿನ ಬಾಯ್ಲರ್ ಒಡೆದು ಒಂಬತ್ತು ದಿನ.
ಸೀಮೆಸುಣ್ಣ ಹಿಡಿದ ಬೆರಳು ನನ್ನದೇ ಎಂಬುದನ್ನು
ಕಣ್ಣಿನಿಂದ ನೋಡಿ ನಂಬಬೇಕು.
ಹೀಟರ್ ತರಕೂಡದು ಎಂದು ಆಡಳಿತದ ಸುತ್ತೋಲೆ.
ಫ್ರಿಜ್ಜಿನ ಬಗ್ಗೆ ಸುತ್ತೋಲೆ ಚಕಾರ ಎತ್ತಿರಲಿಲ್ಲ.

ಸಂಬಾತ್ ತನ್ನ ಸೋದರತ್ತೆಯ ಹಳೇ ಫ್ರಿಜ್ಜನ್ನು
ಮಕ್ಕಳು ಹಿಮದಲ್ಲಿ ಜಾರುವ ಗಾಡಿಗೆ ಬಿಗಿದು ಎಳೆದು ತಂದ.
ಹ್ರಾಚ್ ಹಿಂದಿನಿಂದ ತಳ್ಳುತ್ತ,
ಜರುಹಿ ಅದರ ಬಾಗಿಲಿಗೆ ಭುಜ ಒತ್ತಿ;
ಆಮೇಲೆ ಮೂರು ಮಹಡಿ ಮೆಟ್ಟಿಲು.
ಪಿಸ್ಟನ್ ಮಾಡಿದ ಕೆಲಸಕ್ಕೆ ಪುಸ್ತಕದಲ್ಲಿ ಸೂತ್ರವಿದೆ,
ಆ ಮೆಟ್ಟಿಲ ಮೇಲೆ ಅವರು ಬೈದ ಬೈಗುಳಕ್ಕಿಲ್ಲ.

ಪ್ಲಗ್ ಹಾಕಿದರು. ಬಾಗಿಲು ತೆರೆದರು. ದೀಪ ಹತ್ತಿತು.
ಅಷ್ಟೇ. ಗುಂಯ್ ಇಲ್ಲ, ಗುರ್ ಇಲ್ಲ.
ಮೂವತ್ತು ಬಾಯಿ ಹಬೆ ಬಿಡುತ್ತ
ಅದರ ತೆರೆದ ಬಾಯಿಯನ್ನು ನೋಡಿದವು.

ನಗು ನನಗೇ ಮೊದಲು ಬಂತು.
ಕೋಣೆಯಲ್ಲಿ ಎರಡು ಡಿಗ್ರಿ; ಅದಕ್ಕೆ ಹೇಳಿಟ್ಟದ್ದು ಐದು.
ಅದರ ಪಾಲಿಗೆ ಕೆಲಸವೆಲ್ಲ ಮುಗಿದಿದೆ,
ಇಷ್ಟು ಚೆಂದ ತಾನು ಎಂದೂ ದುಡಿದಿಲ್ಲವೆಂದು
ಒಳಗೊಳಗೇ ಬೀಗುತ್ತಿರಬೇಕು.

ಆಗ ನ್ವಾರ್ದ್ ಎದ್ದು ಬಂದಳು,
ನನ್ನ ಪರೀಕ್ಷೆಯಲ್ಲಿ ಎರಡು ಸಲ ಫೇಲಾದವಳು.
ಒಳಗೆ ತಡಕಿ, ತಾಮ್ರದ ಸಣ್ಣ ನಾಳದ ತುದಿ ಹುಡುಕಿ,
ಕೈಗವಸು ಕಳಚಿ ಮುಷ್ಟಿಯಲ್ಲಿ ಹಿಡಿದಳು,
ಇಲ್ಲಿ ನಡುಬೇಸಿಗೆ ಕಣೋ ಎಂದು
ಯಂತ್ರದ ಕಿವಿಯಲ್ಲಿ ಸುಳ್ಳು ಉಸುರಿದ ಹಾಗೆ.
ಕಂಪ್ರೆಸರ್ ನಡುಗಿತು. ಕೆಮ್ಮಿತು. ಹೊರಟಿತು.

ಸರದಿಯ ಮೇಲೆ ಹಿಡಿದರು. ಬೆನ್ನಿನ ಕಪ್ಪು ಜಾಲರಿಗೆ
ಒದ್ದೆ ಕಾಲುಚೀಲ ನೇತುಹಾಕಿದರು.
ನಾನು ಎರಡನೆಯ ನಿಯಮ ಬರೆಯುತ್ತ ಹೋದೆ:
ಬಿಸಿ ತಾನಾಗಿ ನಡೆಯುವುದು ತಣ್ಣನೆಯ ಕಡೆಗೇ;
ತಿರುಗಿ ಕರೆತರಬೇಕಾದರೆ ಯಾರಾದರೂ ಬೆಲೆ ತೆರಬೇಕು.
ಉಣ್ಣೆಯ ವಾಸನೆ. ಯಾರೂ ಕಿಟಕಿ ತೆರೆಯಲಿಲ್ಲ.

ಗಂಟೆ ಹೊಡೆಯುವಾಗ ಐದು ಡಿಗ್ರಿ!
ಫ್ರಿಜ್ಜಿಗೆ ಚಪ್ಪಾಳೆ, ಸಿಳ್ಳೆ.
ಲೆಕ್ಕ ಮಾಡಿ, ಎಂದೆ. ಪಾಪ, ಅದರ ಪಾಲು ನೂರಿಪ್ಪತ್ತು ವ್ಯಾಟ್.
ಸುಮ್ಮನೆ ಕೂತ ಒಬ್ಬ ಮನುಷ್ಯ, ಹೆಚ್ಚು ಕಡಿಮೆ ನೂರು.
ನೀವು ಎಷ್ಟು ಜನ?

ಪೆನ್ನುಗಳು ನಿಂತವು.
ಹ್ರಾಚ್ ಪಕ್ಕದವನನ್ನು ಮೇಲಿಂದ ಕೆಳಗೆ ನೋಡಿದ,
ಸಂತೆಯಲ್ಲಿ ಒಲೆ ಕೊಳ್ಳುವವನಂತೆ.

ಮರುದಿನ ಹಾಜರಿ ಕರೆದರೆ
ಬಂದಿದ್ದೇನೆ ಎಂದು ಯಾರೂ ಹೇಳಲಿಲ್ಲ.
ನೂರು, ಎಂದಳು ಜರುಹಿ.
ನೂರು, ನ್ವಾರ್ದ್.
ಮೆಟ್ಟಿಲು ಹಾರಿ ಬಂದು ಏದುಸಿರು ಬಿಡುತ್ತ ಹ್ರಾಚ್: ನಾನ್ನೂರು!
ನಾನು ನೂರು ಎಂದೇ ಬರೆದುಕೊಂಡೆ.

ಸಂಬಾತ್, ಎಂದೆ.
ಅವನಿಗೆ ಬೇಕರಿಯಲ್ಲಿ ನಸುಕಿನ ಪಾಳಿ;
ಈ ಹೊತ್ತು ತೊನಿರ್ ಒಲೆಯ ಕುಳಿಗೆ ಬಾಗಿ
ಲವಾಶ್ ಬಡಿಯುತ್ತಿರುತ್ತಾನೆ, ಹುಬ್ಬು ಸುಟ್ಟುಕೊಂಡು.
ಕಿಟಕಿ ಬದಿಯ ಬೆಂಚಿನಲ್ಲಿ ಅವನ ಪಕ್ಕದ ಹುಡುಗಿ
ಕೋಟಿನ ಕಾಲರ್ ಎತ್ತಿಕೊಂಡು,
ನೂರು ಕಡಿಮೆ, ಎಂದಳು.